ಸ್ಪೆಕ್ಟ್ರಂ ಪರದೆಯ ಬಣ್ಣ ಕೆಟ್ಟಾಗ: ಯಂತ್ರದ ಗುಣವೋ, ಯಂತ್ರದ ರೋಗವೋ

"ಸಾರ್, ಯುಎಲ್‌ಎ ಹೋಗಿದೆ. ಬೇರೆ ಹಾಕಿಕೊಡಿ."

ಹಳೆಯ ಕಂಪ್ಯೂಟರ್ ಹಿಡಿದುಕೊಂಡು ಬರುವವರಲ್ಲಿ ಅರ್ಧಕ್ಕರ್ಧ ಜನ ರೋಗದ ಜೊತೆಗೆ ಮದ್ದಿನ ಚೀಟಿಯನ್ನೂ ತಾವೇ ಬರೆದುಕೊಂಡು ಬರುತ್ತಾರೆ. ಇವರ ಕೈಯಲ್ಲಿದ್ದದ್ದು ರಬ್ಬರ್ ಕೀಗಳ 48ಕೆ ಝಡ್‌ಎಕ್ಸ್ ಸ್ಪೆಕ್ಟ್ರಂ. ಸೋದರಮಾವ ಇಂಗ್ಲೆಂಡಿನಿಂದ ತಂದುಕೊಟ್ಟದ್ದಂತೆ. ದೂರು ಎರಡು. ಆಟದಲ್ಲಿ ಓಡಾಡುವ ಬಿಳಿ ಗೊಂಬೆ ಹಸಿರು ಮರದ ಮುಂದೆ ಹಾಯ್ದ ಕೂಡಲೇ ತಾನೂ ಹಸಿರಾಗುತ್ತದೆ. ಇನ್ನೊಂದು, ಅರ್ಧ ಗಂಟೆ ಆಡಿದ ಮೇಲೆ ಬಿಳಿ ಪರದೆಯಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಚೌಕ ಸುತ್ತಲಿಗಿಂತ ಹೆಚ್ಚು ಬೆಳ್ಳಗೆ ಹೊಳೆಯತೊಡಗುತ್ತದೆ. ಎರಡಕ್ಕೂ ಒಂದೇ ಕಾರಣ ಅಂತ ಅವರು ತೀರ್ಮಾನ ಮಾಡಿಯಾಗಿತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ರಿಪೇರಿಗೆ ಇದಕ್ಕಿಂತ ದುಬಾರಿ ಜಾಗ ಬೇರೆ ಇಲ್ಲ. ಯುಎಲ್‌ಎ ಅಂದರೆ ಮೆಮೊರಿ ಓದಿ ಪರದೆಯ ಚಿತ್ರ ಮೂಡಿಸಲು ಫೆರಾಂಟಿ ಕಂಪನಿ ಈ ಯಂತ್ರಕ್ಕೆಂದೇ ಮಾಡಿಕೊಟ್ಟ ಚಿಪ್. ಅದರ ತಯಾರಿಕೆ ನಿಂತು ದಶಕಗಳೇ ಕಳೆದಿವೆ. ಚೆನ್ನಾಗಿರುವುದನ್ನು ಕಿತ್ತು, ಚಿಪ್ಪಿನ ಕಾಲು (ಪಿನ್) ಮುರಿದು, ಆಮೇಲೆ ದೋಷ ಬೇರೆಲ್ಲೋ ಇತ್ತು ಅಂತ ಗೊತ್ತಾದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಒಬ್ಬ ನಾನೇ.

ಹಾಗಾಗಿ ಸೋಲ್ಡರಿಂಗ್ ಐರನ್ ಬಿಸಿಗಿಡುವ ಮೊದಲು ಒಂದು ಪ್ರಶ್ನೆ ಬಗೆಹರಿಸಿಕೊಳ್ಳಿ. ಕಾಣುತ್ತಿರುವುದು ಯಂತ್ರ ಹುಟ್ಟಿನಿಂದಲೇ ಹೊತ್ತುಕೊಂಡು ಬಂದ ಮಿತಿಯೋ, ಟಿವಿಯ ತಂಟೆಯೋ, ನಿಜವಾದ ದೋಷವೋ? ಸ್ಪೆಕ್ಟ್ರಂ ಒಂದು ವಿಷಯದಲ್ಲಿ ಉದಾರಿ. ದೋಷವೇ ಆಗಿದ್ದರೆ ಅದು ಯಾವ ಚಿಪ್ಪಿನಲ್ಲಿದೆ ಅನ್ನುವುದನ್ನು ಬಣ್ಣವೇ ಹೇಳಿಬಿಡುತ್ತದೆ. ಇಲ್ಲಿ ಹೇಳುವುದೆಲ್ಲ 16ಕೆ, 48ಕೆ ಮತ್ತು ಸ್ಪೆಕ್ಟ್ರಂ ಪ್ಲಸ್‌ಗೆ ಅನ್ವಯ. 128ಕೆ ಮಾದರಿಗಳ ಒಳಗಿನ ಜೋಡಣೆ ಬೇರೆ.

ಯಂತ್ರಕ್ಕೆ ಎಷ್ಟು ಬಣ್ಣ ಗೊತ್ತು

ಸ್ಪೆಕ್ಟ್ರಂ ಬಿಡುಗಡೆಯಾದದ್ದು 1982ರ ಏಪ್ರಿಲ್ 23ರಂದು. 16ಕೆ ಯಂತ್ರಕ್ಕೆ 125 ಪೌಂಡ್, 48ಕೆಗೆ 175. ಅದೇ ವರ್ಷ ಆಗಸ್ಟ್ 15ಕ್ಕೆ ನಮ್ಮ ದೂರದರ್ಶನಕ್ಕೂ ಬಣ್ಣ ಬಂತು. ಆದರೆ ಈ ಎರಡು ಬಣ್ಣಗಳಿಗೆ ಹೋಲಿಕೆ ಇಲ್ಲ. ಟಿವಿ ಪ್ರಸಾರದಲ್ಲಿ ಬಣ್ಣ ಆಕಾಶದಿಂದ ಬಿಟ್ಟಿ ಬರುತ್ತಿತ್ತು, ಕಂಪ್ಯೂಟರ್ ಮಾತ್ರ ಪ್ರತಿ ಚುಕ್ಕೆಯ ಬಣ್ಣವನ್ನೂ ತನ್ನ ಮೆಮೊರಿಯಲ್ಲಿ ಎಲ್ಲೋ ಬರೆದಿಟ್ಟುಕೊಳ್ಳಬೇಕಿತ್ತು.

ಲೆಕ್ಕ ಹಾಕಿ. ಪರದೆಯಲ್ಲಿ ಅಡ್ಡ 256, ಉದ್ದ 192 ಚುಕ್ಕೆಗಳು. ಒಟ್ಟು 49,152. ಪ್ರತಿ ಚುಕ್ಕೆ ಇದೆ ಅಥವಾ ಇಲ್ಲ ಅಂತಷ್ಟೇ ಬರೆಯಲು ಒಂದೊಂದು ಬಿಟ್ ಸಾಕು, ಅಂದರೆ 6,144 ಬೈಟ್. ಪ್ರತಿ ಚುಕ್ಕೆಗೂ ಎಂಟರಲ್ಲಿ ಒಂದು ಬಣ್ಣ ಬೇಕು ಅಂದರೆ ಮೂರು ಬಿಟ್ ಬೇಕು, 18,432 ಬೈಟ್. ಅಗ್ಗದ ಮಾದರಿಯಲ್ಲಿ ಇದ್ದ ಮೆಮೊರಿಯೇ 16,384 ಬೈಟ್. ಚಿತ್ರ ಬಿಡಿಸುವ ಮೊದಲೇ ಮನೆ ತುಂಬಿ ಹೊರಗೆ ಚೆಲ್ಲುತ್ತದೆ.

ಹಾರ್ಡ್‌ವೇರ್ ವಿನ್ಯಾಸ ಮಾಡಿದ ರಿಚರ್ಡ್ ಆಲ್ಟ್‌ವಾಸರ್ ಕಂಡುಕೊಂಡ ದಾರಿ ಹೀಗಿತ್ತು. ಪರದೆಯನ್ನು ಚೌಕಾಬಾರದ ಹಾಗೆ ಮನೆಗಳಾಗಿ ಕೊಯ್ದರು. ಒಂದು ಮನೆ 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರ. ಅಡ್ಡಕ್ಕೆ 32, ಉದ್ದಕ್ಕೆ 24, ಒಟ್ಟು 768 ಮನೆ. ಪ್ರತಿ ಮನೆಗೂ ಒಂದು ಬೈಟ್. ಅದರಲ್ಲಿ ಮೂರು ಬಿಟ್ ಇಂಕ್‌ಗೆ (ಚುಕ್ಕೆಯ ಬಣ್ಣ), ಮೂರು ಪೇಪರ್‌ಗೆ (ಹಿನ್ನೆಲೆಯ ಬಣ್ಣ), ಒಂದು ಬ್ರೈಟ್‌ಗೆ (ಹೊಳಪು), ಒಂದು ಫ್ಲಾಶ್‌ಗೆ (ಮಿಣುಕು). ಒಂದು ಬಿಟ್ಟೂ ಪೋಲಾಗಿಲ್ಲ. ಈ 768 ಬೈಟ್‌ಗಳಿಗೆ ಆಟ್ರಿಬ್ಯೂಟ್ ಅಂತ ಹೆಸರು, ಮೆಮೊರಿಯಲ್ಲಿ ಇವು 22528ರಿಂದ 23295ರವರೆಗೆ ಕೂತಿವೆ. ಚುಕ್ಕೆಗಳೂ ಬಣ್ಣವೂ ಸೇರಿ 6,912 ಬೈಟ್‌ನಲ್ಲಿ ಸಂಸಾರ ಮುಗಿಯಿತು.

ತೆತ್ತ ಬೆಲೆಯೂ ಇಲ್ಲೇ ಇದೆ. ಒಂದು ಮನೆಯೊಳಗೆ ಎರಡೇ ಬಣ್ಣ. ಮೂರನೆಯದು ಬಂದರೆ ಮೊದಲಿನ ಎರಡರಲ್ಲಿ ಒಂದು ಜಾಗ ಬಿಡಬೇಕು. ಬ್ರೈಟ್ ಕೂಡ ಮನೆಗೆ ಒಂದೇ. ಇಂಕ್ ಮಾತ್ರ ಹೊಳೆಯಲಿ, ಪೇಪರ್ ಮಂಕಾಗಿರಲಿ ಅಂದರೆ ಆಗುವುದಿಲ್ಲ. ಕಪ್ಪಿಗೆ ಬ್ರೈಟ್ ಹಚ್ಚಿದರೂ ಕಪ್ಪೇ, ಆದ್ದರಿಂದ ಎಂಟರ ಎರಡು ಪಟ್ಟು ಹದಿನಾರಲ್ಲ, ಹದಿನೈದು. ಹದಿನಾರನೆಯ ಬಣ್ಣ ಕಾಣೆಯಾಗಿದೆ ಅಂತ ದೂರು ತಂದವರೂ ಇದ್ದಾರೆ.

ಮೊದಲ ಪರೀಕ್ಷೆ: ವೃತ್ತ ಮತ್ತು ಗೆರೆ

ಯಂತ್ರ ಹಚ್ಚಿ. ಬೇಸಿಕ್‌ನಲ್ಲಿ ಕೆಂಪು ಇಂಕ್, ಅಂದರೆ 2, ಹಿಡಿದು 128, 88 ಬಿಂದುವಿನ ಸುತ್ತ 60 ಚುಕ್ಕೆ ತ್ರಿಜ್ಯದ ವೃತ್ತ ಬರೆಯಿರಿ. ಆಮೇಲೆ ನೀಲಿ, ಅಂದರೆ 1, ಹಿಡಿದು 0, 88ರಿಂದ ಬಲಕ್ಕೆ 255 ಚುಕ್ಕೆ ಗೆರೆ ಎಳೆಯಿರಿ. ಗೆರೆ ವೃತ್ತವನ್ನು ದಾಟುವ ಎರಡು ಕಡೆಯೂ ವೃತ್ತದ ಒಂದು ತುಂಡು ನೀಲಿಯಾಗುತ್ತದೆ. ಗೆರೆ ಮುಟ್ಟದ ಚುಕ್ಕೆಗಳೂ ನೀಲಿ. ಆ ತುಂಡು ಸರಿಯಾಗಿ ಮನೆಯ ಗಡಿಯಲ್ಲೇ ಶುರುವಾಗಿ ಮನೆಯ ಗಡಿಯಲ್ಲೇ ನಿಂತಿದೆಯೇ ನೋಡಿ.

ನಿಂತಿದ್ದರೆ ಇದು ರೋಗವಲ್ಲ, ಗುಣ. ಕಲರ್ ಕ್ಲ್ಯಾಶ್ ಅನ್ನುವುದು ಇದಕ್ಕೇ. ನಮ್ಮ ಗೊಂಬೆ ಮರದ ಮುಂದೆ ಹಸಿರಾಗುವುದೂ ಇದೇ ಕಾರಣಕ್ಕೆ. ಮರದ ಮನೆಯೊಳಗೆ ಗೊಂಬೆಯ ಕಾಲು ಬಂತು, ಆ ಮನೆಯ ಇಂಕ್ ಹಸಿರು, ಕಾಲೂ ಹಸಿರು. ಅಪನಂಬಿಕೆ ಇದ್ದರೆ ಅದೇ ಆಟವನ್ನು ಫೋನಿನ ಎಮ್ಯುಲೇಟರ್‌ನಲ್ಲಿ, ಅಂದರೆ ಸ್ಪೆಕ್ಟ್ರಂನಂತೆಯೇ ನಡೆದುಕೊಳ್ಳುವ ಪ್ರೋಗ್ರಾಂನಲ್ಲಿ, ಓಡಿಸಿ, ಅದೇ ಜಾಗಕ್ಕೆ ಹೋಗಿ. ಅಲ್ಲೂ ಹಸಿರಾದರೆ ನಿಮ್ಮ ಯಂತ್ರ ನಿರಪರಾಧಿ. ಒಳ್ಳೆಯ ಎಮ್ಯುಲೇಟರ್‌ಗಳು ಈ ಕ್ಲ್ಯಾಶ್ ಅನ್ನೂ ತಪ್ಪದೆ ಅನುಕರಿಸುತ್ತವೆ.

ನೀವೇ ಬರೆದ ಪ್ರೋಗ್ರಾಂನಲ್ಲಿ ಇದು ಕಾಡುತ್ತಿದ್ದರೆ ಇಂಕ್ 8 ಅನ್ನುವುದೊಂದಿದೆ. 'ಮನೆಯಲ್ಲಿ ಮೊದಲೇ ಇರುವ ಬಣ್ಣ ಮುಟ್ಟಬೇಡ' ಅಂತ ಅದರ ಅರ್ಥ. ನೀಲಿಯ ಬದಲು ಇಂಕ್ 8ರಲ್ಲಿ ಗೆರೆ ಎಳೆದರೆ ವೃತ್ತ ಕೆಡುವುದಿಲ್ಲ, ಗೆರೆ ತನ್ನ ಬಣ್ಣ ಬಿಟ್ಟುಕೊಡುತ್ತದೆ. ಇಂಕ್ 9 ಅಂದರೆ ಪೇಪರ್ ಮಂಕಾಗಿದ್ದರೆ ಬಿಳಿ, ಬೆಳಕಾಗಿದ್ದರೆ ಕಪ್ಪು ಅಂತ ಯಂತ್ರವೇ ಆರಿಸಿಕೊಳ್ಳುತ್ತದೆ. ಆಟ ಬರೆಯುವವರು ಇನ್ನೂ ದೊಡ್ಡ ರಾಜಿ ಮಾಡಿಕೊಂಡರು. 1984ರಲ್ಲಿ ಬಂದ ನೈಟ್ ಲೋರ್ ಆಟದಲ್ಲಿ ಒಂದು ಕೋಣೆಗೆ ಒಂದೇ ಇಂಕ್. ಜಗಳಕ್ಕೆ ಎರಡನೆಯ ಬಣ್ಣವೇ ಇಲ್ಲದ ಮೇಲೆ ಕ್ಲ್ಯಾಶ್ ಎಲ್ಲಿಂದ ಬರಬೇಕು?

ಫ್ಲಾಶ್ ಬಗ್ಗೆ ಒಂದೇ ಮಾತು. ಪ್ರತಿ 16 ಫ್ರೇಮ್‌ಗೊಮ್ಮೆ ಇಂಕ್, ಪೇಪರ್ ಅದಲುಬದಲಾಗುತ್ತವೆ. ಸೆಕೆಂಡಿಗೆ 50 ಫ್ರೇಮ್ ಆದ್ದರಿಂದ ಅದಲುಬದಲಿಗೆ ಸುಮಾರು ಮೂರನೇ ಒಂದು ಸೆಕೆಂಡ್. ಮಿಣುಕು ಆ ಲಯದಲ್ಲಿದ್ದರೆ ಫ್ಲಾಶ್ ಬಿಟ್ ಎದ್ದಿದೆ. ಲಯವಿಲ್ಲದೆ ಮಿಣುಕಿದರೆ ಬೇರೆ ಏನೋ.

ಟಿವಿಯನ್ನು ಅನುಮಾನಿಸಿ

ಕೆಂಪು ಪೇಪರ್ ಮೇಲೆ ನೀಲಿ ಅಕ್ಷರ ಓದಲಾಗುತ್ತಿಲ್ಲ, ಅಂಚಿನಲ್ಲಿ ಬಣ್ಣ ಇರುವೆ ಸಾಲಿನ ಹಾಗೆ ಹರಿದಾಡುತ್ತದೆ ಅನ್ನುವ ದೂರು ಬಂದರೆ ನಾನು ಮುಚ್ಚಳ ತೆರೆಯುವುದೇ ಇಲ್ಲ. ಪಾಲ್ ಅನ್ನುವ ಬಣ್ಣದ ಟಿವಿ ಪದ್ಧತಿಯಲ್ಲಿ ಬೆಳಕಿನ ವಿವರಕ್ಕೆ ಸಿಕ್ಕಷ್ಟು ಜಾಗ ಬಣ್ಣಕ್ಕೆ ಸಿಗುವುದಿಲ್ಲ, ಸಣ್ಣ ಗೆರೆಯ ಬಣ್ಣ ಪಕ್ಕಕ್ಕೆ ಹಿಂಜಿಕೊಳ್ಳುತ್ತದೆ. ಜೊತೆಗೆ ಸ್ಪೆಕ್ಟ್ರಂನಲ್ಲಿ ತಾಳ ಹಾಕುವ ಎರಡು ಹರಳುಗಳಿವೆ (ಕ್ರಿಸ್ಟಲ್). ಚುಕ್ಕೆಗಳ ತಾಳ ಹುಟ್ಟುವುದು 14 ಮೆಗಾಹರ್ಟ್ಝ್ ಹರಳಿನಿಂದ, ಬಣ್ಣದ್ದು 4.43 ಮೆಗಾಹರ್ಟ್ಝ್ ಹರಳಿನಿಂದ. ಎರಡೂ ಬೇರೆ ಬೇರೆ ತಾಳ ಹಾಕುವುದರಿಂದ ಅಂಚುಗಳು ತೆವಳುತ್ತವೆ. ಹೊಸ ಯಂತ್ರದಲ್ಲೂ ಹೀಗೇ ಇತ್ತು.

ಇಂಗ್ಲೆಂಡಿನ ಸ್ಪೆಕ್ಟ್ರಂ ಟಿವಿಗೆ ಚಿತ್ರ ಕಳಿಸುವುದು ಯುಎಚ್‌ಎಫ್ ಚಾನಲ್ 36ರಲ್ಲಿ. ವಿಎಚ್‌ಎಫ್ ಮಾತ್ರ ಹಿಡಿಯುವ ಹಳೆಯ ಸೆಟ್ಟಿಗೆ ಅದು ಸಿಗುವುದೇ ಇಲ್ಲ. ಬ್ರಿಟನ್ನಿನ ಪಾಲ್‌ಗೂ ನಮ್ಮ ಪಾಲ್‌ಗೂ ಧ್ವನಿಯ ಆವರ್ತನದಲ್ಲಿ ವ್ಯತ್ಯಾಸವಿದೆ, ಆದರೆ 48ಕೆ ಸ್ಪೆಕ್ಟ್ರಂನ ಸದ್ದು ಅದರ ಹೊಟ್ಟೆಯೊಳಗಿನ ಸ್ಪೀಕರಿನಿಂದಲೇ ಬರುವುದರಿಂದ ನಮಗೆ ಆ ತಲೆನೋವಿಲ್ಲ. ಅಮೆರಿಕದಲ್ಲಿರುವ ನಮ್ಮವರು ಅಲ್ಲಿನ ಹಳೆಯ ಎನ್‌ಟಿಎಸ್‌ಸಿ ಟಿವಿಗೆ ಹಚ್ಚಿ, ಚಿತ್ರ ಉರುಳುತ್ತದೆ, ಬಣ್ಣವೇ ಇಲ್ಲ ಅಂತ ಬರೆಯುತ್ತಾರೆ. 50 ಹರ್ಟ್ಝ್‌ನ ಪಾಲ್ ಸಂಕೇತ ಆ ಟಿವಿಗೆ ತಿಳಿಯದ ಭಾಷೆ, ಯಂತ್ರಕ್ಕೆ ಏನೂ ಆಗಿಲ್ಲ. ಈಗಿನ ಎಲ್‌ಸಿಡಿ ಟಿವಿಗಳದ್ದು ಇನ್ನೊಂದು ರಗಳೆ. ಸ್ಪೆಕ್ಟ್ರಂ ಒಂದು ಫ್ರೇಮಿಗೆ 312 ಗೆರೆ ಮಾತ್ರ ಕಳಿಸುತ್ತದೆ, ಪ್ರಸಾರದ ಚಿತ್ರದಂತೆ ಸರಿ-ಬೆಸ ಗೆರೆಗಳ ಹೆಣಿಗೆ ಇಲ್ಲ. ಕೆಲವು ಟಿವಿಗಳು ಇದನ್ನು ಕಂಡು ಮುಖ ತಿರುಗಿಸಿ 'ಸಿಗ್ನಲ್ ಇಲ್ಲ' ಅನ್ನುತ್ತವೆ. ಇನ್ನೊಂದು ಟಿವಿಗೆ ಹಚ್ಚಿ ನೋಡದೆ ಯಾವ ತೀರ್ಮಾನವೂ ಬೇಡ.

ಎಂಟು ಪಟ್ಟೆ

ಟಿವಿ ಸರಿಯಿದೆ ಅಂತಾದರೆ ಪರದೆಯ ಮೇಲೆ ಎಂಟು ಪಟ್ಟೆ ಬಿಡಿಸಿ. ಪೇಪರ್ 0ಯಿಂದ 7ರವರೆಗೆ, ಒಂದೊಂದಕ್ಕೆ ನಾಲ್ಕು ಖಾಲಿ ಜಾಗ. ಎಂಟು ನಾಲ್ಕಲಿ ಮೂವತ್ತೆರಡು, ಒಂದು ಸಾಲು ಸರಿಯಾಗಿ ತುಂಬುತ್ತದೆ. ಮೇಲಿನ 11 ಸಾಲು ಸಾದಾ, ಕೆಳಗಿನ 11 ಸಾಲು ಬ್ರೈಟ್. ಎಡದಿಂದ ಬಲಕ್ಕೆ ಕಪ್ಪು, ನೀಲಿ, ಕೆಂಪು, ಮಜೆಂಟಾ, ಹಸಿರು, ಸಯನ್, ಹಳದಿ, ಬಿಳಿ.

ಈಗ ಟಿವಿಯ ಬಣ್ಣದ ಗುಂಡಿಯನ್ನು ಪೂರ್ತಿ ಸೊನ್ನೆಗೆ ಇಳಿಸಿ.

ಈ ಸಂಖ್ಯೆಗಳ ಕ್ರಮ ಸುಮ್ಮನೆ ಇಟ್ಟದ್ದಲ್ಲ. ನೀಲಿಗೆ 1, ಕೆಂಪಿಗೆ 2, ಹಸಿರಿಗೆ 4. ಕಣ್ಣಿಗೆ ಅತಿ ಮಂಕಾದದ್ದು ನೀಲಿ, ಅತಿ ಬೆಳಕಾದದ್ದು ಹಸಿರು. ಹಾಗಾಗಿ ಬಣ್ಣ ತೆಗೆದರೆ ಎಂಟು ಪಟ್ಟೆಗಳೂ ಕಪ್ಪಿನಿಂದ ಬಿಳಿಗೆ ಮೆಟ್ಟಿಲ ಹಾಗೆ ಏರಬೇಕು. ಕಪ್ಪು ಬಿಳುಪು ಟಿವಿಯಲ್ಲಿ ಆಡುತ್ತಿದ್ದವರಿಗೂ ಕೆಂಪು ಶತ್ರು ಹಳದಿ ಚಿನ್ನದಿಂದ ಬೇರೆಯಾಗಿ ಕಾಣುತ್ತಿದ್ದದ್ದು ಇದರಿಂದಲೇ. ನನ್ನ ಮಟ್ಟಿಗೆ ಈ ಯಂತ್ರದ ಅತಿ ಜಾಣ ನಿರ್ಧಾರ ಇದು.

ಮೆಟ್ಟಿಲು ಸರಿಯಾಗಿದ್ದರೆ ಬೆಳಕಿನ ಸಂಕೇತ ಕ್ಷೇಮ, ಯುಎಲ್‌ಎ ಬಹುಪಾಲು ಕ್ಷೇಮ. ಬಣ್ಣ ಏರಿಸಿದಾಗ ಮಾತ್ರ ತೊಂದರೆ ಕಂಡರೆ ಹುಡುಕಬೇಕಾದ್ದು ಬಣ್ಣದ ದಾರಿಯಲ್ಲಿ. ಮೆಟ್ಟಿಲೇ ಏರುಪೇರಾಗಿದ್ದರೆ, ಅಂದರೆ ಎರಡು ಪಟ್ಟೆ ಒಂದೇ ಮಟ್ಟದಲ್ಲಿದ್ದರೆ ಅಥವಾ ಮುಂದಿನದು ಹಿಂದಿನದಕ್ಕಿಂತ ಮಂಕಾದರೆ, ಆಗ ಮೆಮೊರಿ ಅಥವಾ ಯುಎಲ್‌ಎ.

ಮೆಟ್ಟಿಲು ಸರಿ, ಬಣ್ಣ ತಪ್ಪು

ಯುಎಲ್‌ಎ ಹೊರಗೆ ಕೊಡುವುದು ಮೂರು ಸಂಕೇತ. ಒಂದು ಬೆಳಕಿನದು, ಇನ್ನೆರಡು ಬಣ್ಣ ಎತ್ತ ವಾಲಬೇಕು ಅನ್ನುವುದನ್ನು ಹೇಳುವ ಯು ಮತ್ತು ವಿ. ಈ ಎರಡನ್ನು 4.43 ಮೆಗಾಹರ್ಟ್ಝ್ ಅಲೆಯ ಮೇಲೆ ಕೂರಿಸುವ ಕೆಲಸ ಎಲ್‌ಎಂ 1889 ಅನ್ನುವ ಚಿಪ್ಪಿನದು. ಅದಕ್ಕೆ 12 ವೋಲ್ಟ್ ಬೇಕು. ಎಲ್ಲ ಕಥೆಗೂ ಮೂಲ ಈ 12 ವೋಲ್ಟ್.

ಹೊರಗಿನ ಅಡಾಪ್ಟರ್ ಕೊಡುವುದು 9 ವೋಲ್ಟ್ ಡಿಸಿ. ಅದರ ಪ್ಲಗ್ಗಿನ ನಡು ಭಾಗ ಮೈನಸ್. ಮನೆಯಲ್ಲಿ ಬಿದ್ದಿರುವ ಬೇರೆ ಅಡಾಪ್ಟರ್‌ಗಳಲ್ಲಿ ನಡು ಭಾಗ ಪ್ಲಸ್ ಇರುವುದೇ ಹೆಚ್ಚು, ಕಣ್ಣುಮುಚ್ಚಿ ಚುಚ್ಚಬೇಡಿ. 7805 ರೆಗ್ಯುಲೇಟರ್ 5 ವೋಲ್ಟ್ ಮಾಡುತ್ತದೆ. 12 ಮತ್ತು ಮೈನಸ್ 5 ವೋಲ್ಟ್‌ಗಳನ್ನು ಟಿಆರ್ 4, ಟಿಆರ್ 5 ಅನ್ನುವ ಎರಡು ಟ್ರಾನ್ಸಿಸ್ಟರ್‌ಗಳೂ ಪಕ್ಕದ ಸಣ್ಣ ಸುರುಳಿಯೂ ಸೇರಿ ಹುಟ್ಟಿಸುತ್ತವೆ. ಸ್ಪೆಕ್ಟ್ರಂ ಸಾಯುವುದು ಬಹಳ ಸಲ ಇಲ್ಲೇ.

ಅಳೆಯುವುದು ಸುಲಭ. ಕೆಳ ಮೆಮೊರಿಯ ಎಂಟು 4116 ಚಿಪ್‌ಗಳಲ್ಲಿ ಯಾವುದಾದರೂ ಒಂದನ್ನು ಹಿಡಿಯಿರಿ. ಮಲ್ಟಿಮೀಟರಿನ ಕಪ್ಪು ತಂತಿ 16ನೇ ಕಾಲಿಗೆ. 1ನೇ ಕಾಲಲ್ಲಿ ಮೈನಸ್ 5, 8ನೇ ಕಾಲಲ್ಲಿ 12, 9ನೇ ಕಾಲಲ್ಲಿ 5 ವೋಲ್ಟ್ ಸಿಗಬೇಕು. ಪ್ರೋಬ್ ಜಾರಿ 8ರಿಂದ 7ಕ್ಕೆ ತಾಗಿದರೆ 12 ವೋಲ್ಟ್ ಹೋಗಬಾರದ ಕಡೆ ಹೋಗುತ್ತದೆ, ಕೈ ನಡುಗುವ ದಿನ ಈ ಕೆಲಸ ಬೇಡ. ಮೈನಸ್ 5 ಇಲ್ಲದಿದ್ದರೆ ತಕ್ಷಣ ಆರಿಸಿ, ಆ ವೋಲ್ಟೇಜ್ ಇಲ್ಲದೆ ಓಡಿದರೆ 4116 ಚಿಪ್‌ಗಳು ಸುಟ್ಟುಹೋಗುತ್ತವೆ. 12ರ ಜಾಗದಲ್ಲಿ 9ರ ಆಸುಪಾಸು ಕಂಡರೆ ಟಿಆರ್ 4 ಕೆಲಸ ಮಾಡುತ್ತಿಲ್ಲ. ಅದನ್ನು ಮಾತ್ರ ಬದಲಿಸಿ ಖುಷಿಪಡಬೇಡಿ. ಒಳಗೆ ಶಾರ್ಟ್ ಆದ 4116 ಒಂದು ಅದನ್ನು ಕೊಂದಿರಬಹುದು, ಹೊಸದನ್ನೂ ಕೊಲ್ಲುತ್ತದೆ.

ವೋಲ್ಟೇಜ್ ಎಲ್ಲ ಸರಿ, ಆದರೂ ಚಿತ್ರ ಬರೀ ಬೂದು ಅಂದರೆ ಬಣ್ಣದ ಹರಳು ಅಥವಾ ಎಲ್‌ಎಂ 1889. ತಣ್ಣಗಿದ್ದಾಗ ಬಣ್ಣ ಇದ್ದು ಬಿಸಿಯಾದಾಗ ಹೋದರೆ, ಅಥವಾ ತಿರುಗುಮುರುಗು ಆದರೆ, ಹರಳಿನ ಆವರ್ತನ ಸರಿದು ಟಿವಿಯ ಹಿಡಿತದ ಅಂಚಿನಲ್ಲಿದೆ. ಇಶ್ಯೂ 2ರಂಥ ಹಳೆಯ ಬೋರ್ಡ್‌ಗಳಲ್ಲಿ ಇದನ್ನು ತಿದ್ದಲು ಟ್ರಿಮ್ಮರ್ ಕೆಪಾಸಿಟರ್ ಇದೆ. ಬಣ್ಣದ ಸಮತೋಲಕ್ಕೆ ಎರಡು ಸಣ್ಣ ಪಾಟ್‌ಗಳೂ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಇವೆ. ಬಿಳಿ ಪಟ್ಟೆ ತುಸು ಗುಲಾಬಿಯಾಗಿಯೋ ಹಸಿರಾಗಿಯೋ ಕಂಡರೆ ಈ ಪಾಟ್ ಸರಿದಿದೆ ಅಂತ ಅರ್ಥ. ಬಿಳಿ, ಕಪ್ಪುಗಳಲ್ಲಿ ಯಾವ ಬಣ್ಣದ ವಾಲಿಕೆಯೂ ಇರಕೂಡದು. ತಿರುಗಿಸುವ ಮೊದಲು ಈಗಿರುವ ಕೋನಕ್ಕೆ ಪೆನ್ನಿನಿಂದ ಗುರುತು ಹಾಕಿ. ನಾನು ಹಾಕದೆ ತಿರುಗಿಸಿದ್ದಕ್ಕೆ ಒಂದು ಭಾನುವಾರ ತೆತ್ತೆ.

ನೀಲಿ, ಹಳದಿ ಇವೆ, ಕೆಂಪು ಸತ್ತಿದೆ ಅಂದರೆ ವಿ ಸಂಕೇತ ತಲುಪುತ್ತಿಲ್ಲ. ಕೆಂಪು ಇದೆ, ನೀಲಿ ಬೂದಾಗಿದೆ ಅಂದರೆ ಯು. ಯುಎಲ್‌ಎಯ ಕಾಲಿನಿಂದ ಎಲ್‌ಎಂ 1889ವರೆಗಿನ ದಾರಿಯಲ್ಲಿ ಬೆಸುಗೆ ಬಿಟ್ಟಿದೆಯೇ ನೋಡಿ. ಯುಎಲ್‌ಎ ಸಾಕೆಟ್‌ನಲ್ಲಿದ್ದರೆ ಒಮ್ಮೆ ಮೃದುವಾಗಿ ಒತ್ತಿ. ಇಷ್ಟರಲ್ಲೇ ವಾಸಿಯಾದ ಯಂತ್ರಗಳಿವೆ. ಚಿತ್ರದುದ್ದಕ್ಕೂ ಮಂಕು ಕಂಬಗಳು ಅಥವಾ ಅಲೆ ಕಂಡರೆ ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಅಷ್ಟೂ ಸಿಗುತ್ತವೆ.

ಒಂದು ಚಿಪ್, ಒಂದು ಬಿಟ್

ಕೆಳ 16ಕೆ ಮೆಮೊರಿಯಲ್ಲಿ ಎಂಟು ಚಿಪ್‌ಗಳಿವೆ ಅಂದೆನಲ್ಲ. ಪ್ರತಿ ಬೈಟ್‌ನ ಎಂಟು ಬಿಟ್‌ಗಳನ್ನು ಈ ಎಂಟೂ ಹಂಚಿಕೊಂಡಿವೆ. ಬೋರ್ಡಿನ ಮೇಲೆ ಐಸಿ 6 ಅಂತ ಗುರುತಿರುವ ಚಿಪ್ಪಿನಲ್ಲಿ ಬಿಟ್ 0, ಐಸಿ 7ರಲ್ಲಿ ಬಿಟ್ 1, ಹೀಗೆ ಐಸಿ 13ರಲ್ಲಿ ಬಿಟ್ 7. ಚುಕ್ಕೆಗಳೂ ಆಟ್ರಿಬ್ಯೂಟ್‌ಗಳೂ ಇರುವುದು ಇದೇ ಮೆಮೊರಿಯಲ್ಲಿ. ಆದ್ದರಿಂದ ಒಂದು ಚಿಪ್ ಕೆಟ್ಟರೆ ಪ್ರತಿ ಮನೆಯಲ್ಲೂ ಒಂದೇ ಕಂಬದ ಚುಕ್ಕೆಗಳು ಕೆಡುತ್ತವೆ, ಜೊತೆಗೆ ಬಣ್ಣದ ಒಂದೇ ಅಂಶ ಕೆಡುತ್ತದೆ. ಎರಡು ಸಾಕ್ಷಿಗಳು ಒಂದೇ ಹೆಸರು ಹೇಳುತ್ತವೆ.

ಸ್ವಿಚ್ ಹಾಕಿದ ಕೂಡಲೇ ಸ್ಪೆಕ್ಟ್ರಂ ಮಾಡುವ ಮೊದಲ ಕೆಲಸ ಮೆಮೊರಿ ಪರೀಕ್ಷೆ. ಮೇಲಿನ ವಿಳಾಸದಿಂದ ಕೆಳಕ್ಕೆ ಬರುತ್ತ ಎಲ್ಲ ಕಡೆಯೂ 2 ಅಂತ ಬರೆಯುತ್ತದೆ. ಪರದೆಯೂ ಮೆಮೊರಿಯೇ ಆದ್ದರಿಂದ ಅದರ ಮೇಲೂ 2 ಬೀಳುತ್ತದೆ. ಆಟ್ರಿಬ್ಯೂಟ್ 2 ಅಂದರೆ ಕಪ್ಪು ಪೇಪರ್, ಕೆಂಪು ಇಂಕ್. ಚುಕ್ಕೆಗಳ ಬೈಟ್ 2 ಅಂದರೆ ಎಂಟರಲ್ಲಿ ಎಡದಿಂದ ಏಳನೆಯ ಚುಕ್ಕೆ ಮಾತ್ರ. ಹಾಗಾಗಿ ಕ್ಷಣಕಾಲ ಕಪ್ಪಿನ ಮೇಲೆ ತೆಳುವಾದ ಕೆಂಪು ಉದ್ದಗೆರೆಗಳು ಮೂಡುತ್ತವೆ. ಆಮೇಲೆ ಪ್ರತಿ ವಿಳಾಸದಿಂದ ಎರಡು ಸಲ ಒಂದೊಂದು ಕಳೆದು ಸೊನ್ನೆಯಾಯಿತೇ ನೋಡುತ್ತದೆ, ಗೆರೆಗಳು ಅಳಿಯುತ್ತವೆ, ಬಿಳಿ ಪರದೆಯ ಕೆಳಗೆ 1982ರ ಕಾಪಿರೈಟ್ ಸಾಲು ಬರುತ್ತದೆ.

ಕೆಳ ಮೆಮೊರಿಯ ಒಂದು ಬಿಟ್ ಪೂರ್ತಿ 1ಕ್ಕೆ ಅಂಟಿಕೊಂಡರೆ ಆ ಸಾಲಿನವರೆಗೆ ಯಂತ್ರ ಹೋಗುವುದೇ ಇಲ್ಲ. ಕೆಂಪು ಗೆರೆಗಳ ಹಂತದಲ್ಲೇ ಕುಸಿಯುತ್ತದೆ, ಇಲ್ಲವೇ ಮತ್ತೆ ಮತ್ತೆ ಅಲ್ಲಿಗೇ ಮರಳುತ್ತದೆ. ಆಗ ಗೆರೆಗಳನ್ನು ಓದಿ. ಬಿಟ್ 6 ಅಂಟಿದ್ದರೆ ಕೆಂಪು ಎಂದಿಗಿಂತ ಉಜ್ವಲ, ಪ್ರತಿ ಮನೆಯಲ್ಲಿ ಏಳನೆಯದರ ಜೊತೆ ಎರಡನೆಯ ಚುಕ್ಕೆಯಲ್ಲೂ ಗೆರೆ. ಬಿಟ್ 5 ಆದರೆ ಹಸಿರು ಪೇಪರ್ ಮೇಲೆ ಕೆಂಪು ಗೆರೆ. ಬಿಟ್ 3 ಆದರೆ ನೀಲಿ ಪೇಪರ್. ಬಿಟ್ 2 ಆದರೆ ಗೆರೆ ದಪ್ಪವಾಗಿ ಹಳದಿ, ಬಿಟ್ 0 ಆದರೆ ದಪ್ಪವಾಗಿ ಮಜೆಂಟಾ. ಬಿಟ್ 7 ಆದರೆ ಮನೆಯ ಮೊದಲ ಚುಕ್ಕೆಯಲ್ಲಿ ಗೆರೆ, ಮೇಲೆ ಫ್ಲಾಶ್. ಬಿಟ್ 4ರದ್ದು ಮಾತ್ರ ತಮಾಷೆ. ಪೇಪರ್ ಕೆಂಪು, ಇಂಕ್ ಕೆಂಪು, ಗೆರೆಯೇ ಕಾಣದೆ ಚಿತ್ರದ ಜಾಗವೆಲ್ಲ ಒಂದೇ ಕೆಂಪು. ಕೆಂಪು ಬರಲೇ ಇಲ್ಲ, ಬರೀ ಕಪ್ಪು ಅಂದರೆ ಬಿಟ್ 1 ಸೊನ್ನೆಗೆ ಅಂಟಿರಬಹುದು, ಐಸಿ 7 ನೋಡಿ. ಮುಚ್ಚಳ ತೆರೆಯದೆ ಇಷ್ಟು ಹೇಳುವ ಇನ್ನೊಂದು ಕಂಪ್ಯೂಟರ್ ನನಗೆ ಗೊತ್ತಿಲ್ಲ.

ಹಚ್ಚಿದಾಗ ಸರಿಯಿದ್ದು ಬಿಸಿಯಾದ ಮೇಲೆ ಕೆಡುವುದು ಇನ್ನೊಂದು ಬಗೆ. ಇಲ್ಲಿ ಪೀಕ್ ಬೇಕು, ಅಂದರೆ ಮೆಮೊರಿಯ ಒಂದು ವಿಳಾಸದಲ್ಲಿ ಯಾವ ಸಂಖ್ಯೆ ಇದೆ ಅಂತ ಓದುವ ಬೇಸಿಕ್ ಪದ. ಬಿಳಿ ಪೇಪರ್, ಕಪ್ಪು ಇಂಕ್ ಅಂದರೆ ಏಳು ಎಂಟಲಿ ಐವತ್ತಾರು, ಹಾಗಾಗಿ ಅಳಿಸಿದ ಪರದೆಯ ಎಲ್ಲ 768 ಮನೆಗಳಲ್ಲೂ 56 ಇರಬೇಕು. ಕೆಟ್ಟ ಮನೆಯ ಸಾಲನ್ನು 32ರಿಂದ ಗುಣಿಸಿ, ಕಾಲಂ ಕೂಡಿಸಿ, 22528 ಸೇರಿಸಿ. ಹತ್ತನೇ ಸಾಲು, ಐದನೇ ಕಾಲಂ ಆದರೆ 22853. ಎಣಿಕೆ ಎರಡಕ್ಕೂ ಸೊನ್ನೆಯಿಂದ ಶುರು. ಆ ವಿಳಾಸವನ್ನು ಪೀಕ್ ಮಾಡಿ. ಪರದೆಯಲ್ಲಿ ಬಣ್ಣ ತಪ್ಪಿದ್ದರೂ 56 ಬಂದರೆ ಮೆಮೊರಿ ಸತ್ಯ ಹೇಳುತ್ತಿದೆ, ಓದುವ ಯುಎಲ್‌ಎ ತಪ್ಪುತ್ತಿದೆ. ಯುಎಲ್‌ಎ ಮೇಲೆ ಕೈ ಹಾಕಲು ಇದು ನ್ಯಾಯವಾದ ಕಾರಣ. ಬೇರೆ ಸಂಖ್ಯೆ ಬಂದರೆ ಅದಕ್ಕೂ 56ಕ್ಕೂ ಇರುವ ವ್ಯತ್ಯಾಸವೇ ಕಳ್ಳನ ಗುರುತು. 1 ಆದರೆ ಐಸಿ 6, 2 ಆದರೆ ಐಸಿ 7, 4 ಆದರೆ ಐಸಿ 8, ಹೀಗೆ ಇಮ್ಮಡಿಸುತ್ತ 128 ಆದರೆ ಐಸಿ 13.

ಬೇರೆ ಯಂತ್ರ ತಂದವರಿಗೆ

ಮಿತಿ ಎಲ್ಲ ಯಂತ್ರಕ್ಕೂ ಇತ್ತು, ಆಕಾರ ಬೇರೆ. ಕಮೊಡೋರ್ 64ಕ್ಕೆ 16 ಬಣ್ಣ ಗೊತ್ತು, ಆದರೆ 320×200ರ ಚಿತ್ರದಲ್ಲಿ ಅದಕ್ಕೂ ಒಂದು ಮನೆಗೆ ಎರಡೇ. ಮಲ್ಟಿಕಲರ್‌ಗೆ ಹೋದರೆ ನಾಲ್ಕು ಸಿಗುತ್ತವೆ, ಚುಕ್ಕೆಯ ಅಗಲ ಇಮ್ಮಡಿಯಾಗುತ್ತದೆ. ಬಿಬಿಸಿ ಮೈಕ್ರೋದಲ್ಲಿ ಕ್ಲ್ಯಾಶ್ ಇಲ್ಲ. ಚುಕ್ಕೆಗೆ ಬೇಕಾದ ಬಣ್ಣ ಕೊಡಬಹುದು, ಆದರೆ ಮೋಡ್ 2ರ 160×256 ಚಿತ್ರವೊಂದೇ ಇರುವ 32ಕೆಯಲ್ಲಿ 20ಕೆ ನುಂಗುತ್ತದೆ. 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದದ್ದು ಈ ಯಂತ್ರ. ಆಪಲ್ 2ರದ್ದು ಬೇರೆಯೇ ಲೋಕ. ಅದು ಎನ್‌ಟಿಎಸ್‌ಸಿ ಟಿವಿಯ ದೌರ್ಬಲ್ಯವನ್ನೇ ಬಳಸಿ ಕಪ್ಪು ಬಿಳುಪು ಚುಕ್ಕೆಗಳಿಂದ ಬಣ್ಣ ಹುಟ್ಟಿಸುತ್ತದೆ. ಬಿಳಿ ಅಕ್ಷರದ ಅಂಚಿಗೆ ನೇರಳೆ, ಹಸಿರು ಕಂಡರೆ ಅದು ದೋಷವಲ್ಲ. ನಮ್ಮಲ್ಲಿ 1986ರಿಂದ ಡೆಸಿಬೆಲ್ಸ್ ಕಂಪನಿ ಮಾರಿದ ಡಿಬಿ ಸ್ಪೆಕ್ಟ್ರಂ ಪ್ಲಸ್ ಯಂತ್ರ ಅಟ್ಟದಲ್ಲಿ ಸಿಕ್ಕರೆ ಮೇಲಿನ ಪರೀಕ್ಷೆಗಳನ್ನು ಅದರ ಮೇಲೂ ಮಾಡಬಹುದು.

ಸೋದರಮಾವನ ಯಂತ್ರಕ್ಕೆ ಆದದ್ದು

ವೃತ್ತ, ಗೆರೆ ಪರೀಕ್ಷೆ ಪಾಸ್. ಪಟ್ಟೆಗಳ ಮೆಟ್ಟಿಲು ಪಾಸ್. ವೋಲ್ಟೇಜ್ ಮೂರೂ ಸರಿ. ಪರದೆ ಅಳಿಸಿ, 22528ರಿಂದ 23295ರವರೆಗೆ ಪೀಕ್ ಮಾಡುತ್ತ 56 ಅಲ್ಲದ್ದು ಸಿಕ್ಕ ಕೂಡಲೇ ನಿಲ್ಲುವ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ಓಡಿಸಿ, ಕಾಫಿಗೆ ಕೂತೆವು. 25 ನಿಮಿಷದ ಮೇಲೆ ನಿಂತಿತು. ತೋರಿಸಿದ ಸಂಖ್ಯೆ 120.

120ರಲ್ಲಿ 56 ಕಳೆದರೆ 64. ಬಿಟ್ 6, ಬ್ರೈಟ್. ಐಸಿ 12.

ಖಾತ್ರಿಗೆ ಯಂತ್ರ ಆರಿಸಿ ತಣಿಸಿ, ಹೊಸದಾಗಿ ಹಚ್ಚಿ, ಐಸಿ 12ಕ್ಕೆ ಮಾತ್ರ ಹೇರ್ ಡ್ರೈಯರ್ ಗಾಳಿ ಹಿಡಿದೆ. ಎರಡೇ ನಿಮಿಷಕ್ಕೆ ಮನೆಗಳು ಹೊಳೆದವು. ಚೆನ್ನಾಗಿರುವ ಇನ್ನೊಂದು 4116 ಅನ್ನು ಕೆಟ್ಟದ್ದರ ಬೆನ್ನ ಮೇಲೆ ಕಾಲಿಗೆ ಕಾಲು ಸೇರಿಸಿ ಕೂರಿಸಿ ನೋಡುವ ಉಪಾಯವೂ ಇದೆ. ಬಿಟ್ ಗಟ್ಟಿಯಾಗಿ ಅಂಟಿಕೊಂಡ ಚಿಪ್ ಮೇಲೆ ಅದು ನಡೆಯುವುದಿಲ್ಲ. ಹಳೆಯ ಚಿಪ್ಪನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು, ಅದರ ಹದಿನಾರು ಕಾಲುಗಳನ್ನೂ ಕತ್ತರಿಸಿ ಒಂದೊಂದಾಗಿ ತೆಗೆದೆ. ಬೋರ್ಡಿನ ಪಟ್ಟಿ ಕಿತ್ತು ಬರುವುದಕ್ಕಿಂತ ಕೆಟ್ಟ ಚಿಪ್ ಸಾಯುವುದು ಮೇಲು. ಸಾಕೆಟ್ ಹಾಕಿ, ಬೇರೆ 4116 ಕೂರಿಸಿ, ಅದೇ ಪ್ರೋಗ್ರಾಂ ಮೂರು ಗಂಟೆ ಓಡಿಸಿದೆ. ನಿಲ್ಲಲಿಲ್ಲ. ಯುಎಲ್‌ಎಯನ್ನು ಮುಟ್ಟಿಯೂ ನೋಡಲಿಲ್ಲ.

ಅವರು ಆಟ ಹಾಕಿ ನೋಡಿದರು. ಗೊಂಬೆ ಮರದ ಹತ್ತಿರ ಹೋಯಿತು.

"ಇನ್ನೂ ಹಸಿರಾಗ್ತಿದೆಯಲ್ಲ ಸಾರ್?"

ಫೋನಿನಲ್ಲಿ ಎಮ್ಯುಲೇಟರ್ ತೆರೆದು ಅದೇ ಮರದ ಮುಂದೆ ಅದೇ ಗೊಂಬೆಯನ್ನು ನಿಲ್ಲಿಸಿ ಅವರ ಕೈಗೆ ಕೊಟ್ಟೆ.